ಈ ಸಲ ಯಾರ ಪಾಳಿ?

ಮೊನ್ನೆ ಕಟಿಂಗ್ ಅಂಗಡಿಯಲ್ಲಿ ಕಾಯುತ್ತ ಕೂತಾಗ ಪೇಪರಿನ ಆಟದ ಪುಟ ಓದಿದೆ. ಹೊರದೇಶಗಳಲ್ಲಿ ಈಗ ಒಬ್ಬನೇ ಧಣಿ ನಾಲ್ಕಾರು ಫುಟ್‌ಬಾಲ್ ಕ್ಲಬ್ಬುಗಳನ್ನು ಕೊಂಡು ಇಟ್ಟುಕೊಳ್ಳುತ್ತಾನಂತೆ. ಇಲ್ಲಿ ಬೆಳೆದ ಆಟಗಾರನನ್ನು ಅಲ್ಲಿಗೆ ಕಳಿಸುವುದು, ಅಲ್ಲಿ ಸೊರಗಿದವನನ್ನು ಇಲ್ಲಿಗೆ ತರುವುದು. ಬರೆದವನು ಅದನ್ನು ಹೊಸ ಕಾಲದ ಜಾಣತನವೆಂದು ಹೊಗಳಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮುಖ ನೋಡಿ ಕಟಿಂಗ್ ಮಾಡುವವನು, "ಯಾಕ್ರಿ, ಯಾರರ ತೀರಕೊಂಡಾರೇನು?" ಎಂದು ಕೇಳಿದ. "ಹಂಗ ತಿಳಕೋ" ಎಂದೆ.

ಈ ಜಾಣತನ ನಮ್ಮ ಇಳಕಲ್ಲಿಗೆ ಯಾವತ್ತೋ ಬಂದು ಹೋಗಿದೆ. ತೊಂಬತ್ತರ ದಶಕದ ಕೊನೆಗೆ, ಬಿಳಿ ಜೀಪಿನಲ್ಲಿ ಬಂದಿತ್ತು. ಅದು ಬಂದು ಹೋದ ಮೇಲೆ ಮೂರು ಊರುಗಳಲ್ಲಿ ಫುಟ್‌ಬಾಲ್ ಉಳಿಯಲಿಲ್ಲ, ಅದು ಬೇರೆ ಮಾತು. ಆಟಗಳು ಬರುತ್ತವೆ, ಹೋಗುತ್ತವೆ. ನನ್ನ ಸಂಕಟವೆಲ್ಲ ನನ್ನ ತಮ್ಮನ ಒಂದು ಗೋಲಿನದು. ಅವನು ಅದನ್ನು ಹೊಡೆದ, ನಾನು ಕಣ್ಣಾರೆ ಕಂಡೆ. ಆದರೂ ಆ ಗೋಲು ಇವತ್ತಿಗೂ ಅವನ ಕೈಗೆ ಸಿಕ್ಕಿಲ್ಲ.

ನಮ್ಮದು ನೇಕಾರರ ಮನೆ. ಅಪ್ಪ ಕುಣಿಮಗ್ಗದಲ್ಲಿ ಕೂತರೆ ಅರ್ಧ ಆಳು ನೆಲದೊಳಗೆ, ಅರ್ಧ ಆಳು ಮೇಲೆ. ಅಪ್ಪ ಹೋದ ಮೇಲೆ ಅದೇ ಕುಣಿಯಲ್ಲಿ ನಾನು ಕೂತೆ. ಹಗಲೆಲ್ಲ ಆ ಕಡೆಯಿಂದ ಈ ಕಡೆಗೆ ಓಡುವ ಲಾಳಿಯನ್ನು ನೋಡಿ ನೋಡಿ ಕಣ್ಣು ಪಳಗಿತ್ತು, ಅದಕ್ಕೇ ಊರಿನ ತಂಡದಲ್ಲಿ ನನ್ನನ್ನು ಗೋಲ್‌ಕೀಪರ್ ಮಾಡಿದ್ದರು. ನನ್ನ ತಮ್ಮ ಮಾತ್ರ ಮಗ್ಗಕ್ಕೆ ಕೂರಲಿಲ್ಲ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ತನ್ನನ್ನು ಯಾರೋ ಅರ್ಧ ಹೂತಂತೆ ಆಗುತ್ತದೆ ಎನ್ನುತ್ತಿದ್ದ. ಗ್ರಾನೈಟ್ ಪಾಲಿಶ್ ಕಾರ್ಖಾನೆಗೆ ಸೇರಿದ. ಸಂಜೆ ಮೈಯೆಲ್ಲ ಕಲ್ಲಿನ ಹಿಟ್ಟು ಮೆತ್ತಿಕೊಂಡು ನೇರ ಮೈದಾನಕ್ಕೆ ಬರುತ್ತಿದ್ದ. ಮುಖ ತೊಳಿಯೋ ಎಂದರೆ, "ಆಡಿದ ಮ್ಯಾಲ ಹೆಂಗೂ ಧೂಳ ಆಗೂದ ಐತಿ, ಎರಡೆರಡ ಸಲ ಯಾಕ ತೊಳೀಲಿ?" ಎನ್ನುವನು. ತಂಡದಲ್ಲಿ ಅವನಷ್ಟು ಚುರುಕಾದ ಫಾರ್ವರ್ಡ್ ಬೇರೆ ಇರಲಿಲ್ಲ. ಎಡಗಾಲಿನವನು. ಬಲಗಾಲು ಅವನಿಗೆ ಬರೀ ನಿಂತುಕೊಳ್ಳಲಿಕ್ಕೆ ಎಂದು ನಾವೆಲ್ಲ ಚೇಷ್ಟೆ ಮಾಡುತ್ತಿದ್ದೆವು.

ಅವನಿಗೆ ಒಂದೇ ಹುಚ್ಚು. ನನಗೆ ಒಂದು ಗೋಲು ಹೊಡೆಯಬೇಕು. ಚಿಕ್ಕವನಿದ್ದಾಗಿನಿಂದ ಹಿತ್ತಲ ಗೋಡೆಯ ಮುಂದೆ ನಾನು ನಿಲ್ಲಬೇಕು, ಅವನು ಹೊಡೆಯಬೇಕು. ನಾನು ಬಿಡುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವ್ವ ಒಳಗಿನಿಂದಲೇ, "ಸಣ್ಣಾಂವ ಅದಾನ, ಒಂದರ ಬಿಡೋ" ಎಂದು ಕೂಗಿದರೆ ತಮ್ಮನೇ ಅವಳ ಮೇಲೆ ಹರಿಹಾಯುತ್ತಿದ್ದ. "ಅಂವ ಬಿಟ್ಟರ ನಾ ಮನಿ ಬಿಟ್ಟ ಹೋಗ್ತೇನಿ ನೋಡು" ಎನ್ನುತ್ತಿದ್ದ. ದೊಡ್ಡವನಾದ ಮೇಲೆ ಪ್ರಾಕ್ಟೀಸಿನಲ್ಲಿ ಆಗೊಂದು ಈಗೊಂದು ಹೊಡೆದ. ಅದು ಅವನಿಗೆ ಲೆಕ್ಕಕ್ಕಿಲ್ಲ. "ಮಂದಿ ನೋಡ್ತಿರಬೇಕು, ರೆಫ್ರಿ ಸೀಟಿ ಹೊಡೀಬೇಕು, ನೀ ಜೀವಾ ಬಿಟ್ಟ ಜಿಗೀಬೇಕು, ಆದ್ರೂ ಒಳಗ ಹೋಗಬೇಕು. ಅದು ಗೋಲು" ಎನ್ನುತ್ತಿದ್ದ. ಇಬ್ಬರೂ ಒಂದೇ ತಂಡದವರು, ಅದು ಆಗುವ ಮಾತೇ ಅಲ್ಲ. ಮನೆಯಲ್ಲಿ ನಗಲಿಕ್ಕೊಂದು ನೆಪವಾಗಿತ್ತು ಅಷ್ಟೆ.

ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ಕಲ್ಲಿನ ಕಾರ್ಖಾನೆಯವರೂ ಅವತ್ತು ಮಶೀನಿಗೆ ಕಾಯಿ ಒಡೆದು ಬೇಗ ಬಿಡುತ್ತಿದ್ದರು. ಹಾಗಾಗಿ ನಮ್ಮ ಕಡೆ ಮ್ಯಾಚುಗಳೆಲ್ಲ ಅಮಾವಾಸ್ಯೆಯ ಮಧ್ಯಾಹ್ನವೇ. ಇಳಕಲ್, ಹುನಗುಂದ, ಬಾದಾಮಿ, ಬಾಗಲಕೋಟೆ, ಈ ನಾಲ್ಕೂರುಗಳ ನಡುವೆ ಟೆಂಪೋ ಮಾಡಿಕೊಂಡು ಹೋಗಿ ಬಂದು ಆಡುತ್ತಿದ್ದೆವು. ಇದರಲ್ಲಿ ಒಂದು ಪದ್ಧತಿಯಿತ್ತು. ಎದುರಿನ ತಂಡಕ್ಕೆ ಒಬ್ಬ ಆಳು ಕಡಿಮೆ ಬಿದ್ದರೆ ನಮ್ಮ ಬೆಂಚಿನ ಮೇಲೆ ಕೂತವನೊಬ್ಬನನ್ನು ಅವರಿಗೆ ಕೊಡುವುದು. ಅವನು ಅವತ್ತು ನಮ್ಮ ಮೇಲೆಯೇ ಜೀವಬಿಟ್ಟು ಆಡಬೇಕು. ಮುಂದೆ ನಮಗೆ ಕಡಿಮೆ ಬಿದ್ದಾಗ ಅವರು ಒಬ್ಬನನ್ನು ಕೊಡಬೇಕು. ಹೊಲದಲ್ಲಿ ಮುಯ್ಯಾಳು ಹೋಗುತ್ತಾರಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಅದೇ ರೀತಿ. ಅದಕ್ಕೆ ಮುಯ್ಯಿ ಎಂದೇ ಹೆಸರು. ಮುಯ್ಯಿಗೆ ಹೋದವನು ಕಾಲು ಮೆತ್ತಗೆ ಮಾಡಿದ ಎಂಬ ಮಾತನ್ನು ನಾನು ಆ ದಿನಗಳಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ.

ಮ್ಯಾಚು ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅಸಲಿ ಆಟ ಶುರುವಾಗುತ್ತಿತ್ತು. ಅದು ಗೋಲು, ಅಲ್ಲ, ಆಫ್‌ಸೈಡು, ರೆಫ್ರಿ ಹುನಗುಂದದ ಅಳಿಯ, ಅವನಿಗೆ ಕಣ್ಣು ಕಾಣುವುದಿಲ್ಲ. ಮುಂದಿನ ಅಮಾವಾಸ್ಯೆಯವರೆಗೆ ಜಗಳ. ನಮಗೆ ಆಟ ಕಲಿಸಿದ ಕಾಕಾ ಒಬ್ಬರಿದ್ದರು, ಮಿಲಿಟರಿಯಿಂದ ನಿವೃತ್ತರಾಗಿ ಬಂದು ಇಳಕಲ್ಲಿನಲ್ಲಿ ಸೈಕಲ್ ಅಂಗಡಿ ಇಟ್ಟವರು. ಅವರು ಈ ಜಗಳ ಕೇಳುತ್ತ ಮೀಸೆಯಡಿ ನಗುತ್ತಿದ್ದರು. "ಜಗಳಾಡ್ರಿಲೇ, ಆಡ್ರಿ. ಜಗಳ ಐತಿ ಅಂದ್ರ ಆಟ ಜೀವಂತ ಐತಿ" ಎನ್ನುವರು.

ಇಂಥದರಲ್ಲಿ ಸಾಹುಕಾರ ಬಂದ. ಕ್ವಾರಿಗಳಿದ್ದವು, ಪಾಲಿಶ್ ಕಾರ್ಖಾನೆಯಿತ್ತು. ನನ್ನ ತಮ್ಮ ಕೆಲಸಕ್ಕಿದ್ದದ್ದೂ ಅಲ್ಲಿಯೇ. ಕೆಟ್ಟ ಮನುಷ್ಯನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವವರು ಮೀಸೆ ತಿರುವುವ ದುಷ್ಟನೊಬ್ಬನನ್ನು ಹುಡುಕುತ್ತಾರೆ. ಮೆತ್ತಗೆ ಮಾತಾಡುವವನು, ಹಿರಿಯರನ್ನು ಕಂಡರೆ ಚಪ್ಪಲಿ ಬಿಟ್ಟು ನಮಸ್ಕಾರ ಮಾಡುವವನು. ಒಂದು ಅಮಾವಾಸ್ಯೆ ಜೀಪು ತಂದು ಮೈದಾನದ ಅಂಚಿಗೆ ನಿಲ್ಲಿಸಿದ. ನಮಗೆಲ್ಲ ಬೂಟು, ಕೆಂಪುಕಲ್ಲಿನ ಬಣ್ಣದ ಜರ್ಸಿ ಹಂಚಿದ. ಕಾಕಾರಿಗೆ ಶಾಲು ಹೊದಿಸಿದ. ಆಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಗಲು ಮುಟ್ಟಿ ಮುಟ್ಟಿ ನೋಡಿ, "ಇನ್ನ ಮ್ಯಾಲ ಇದು ನನ್ನ ಟೀಮ್ ನೋಡ್ರಿ" ಎಂದ. ನಾವು ಚಪ್ಪಾಳೆ ಹೊಡೆದೆವು. ಪ್ರೀತಿಯಿಂದ ಹೇಳಿದ ಎಂದುಕೊಂಡೆವು. ಪ್ರೀತಿಯಿಂದಲೇ ಹೇಳಿದ್ದ ಬಿಡಿ. ಸಂತೆಯಲ್ಲಿ ಎತ್ತು ಕೊಂಡವನಿಗೂ ಎತ್ತಿನ ಮೇಲೆ ಪ್ರೀತಿ ಇರುತ್ತದೆ.

ಮುಂದಿನ ಬೇಸಿಗೆಯೊಳಗೆ ಹುನಗುಂದದ ತಂಡವೂ ಅವನದೇ ಆಯಿತು. ಸುದ್ದಿಯನ್ನು ಬಸ್ ಕಂಡಕ್ಟರ್ ಹೇಳಿದ. ಅವರಿಗೂ ಬೂಟು, ಅವರಿಗೂ ಜರ್ಸಿ, ಬಣ್ಣ ಮಾತ್ರ ಚೂರು ತಿಳಿ. ನಮ್ಮ ಹುಡುಗರಿಗೆ ಖುಷಿಯೋ ಖುಷಿ. ಇನ್ನು ಮುಂದೆ ಹುನಗುಂದದವರು ನಮಗೆ ಅಣ್ಣತಮ್ಮಂದಿರು ಎಂದರು. ಕಾಕಾ ಮಾತ್ರ ಸೈಕಲ್ಲಿನ ಗಾಲಿ ತಿರುಗಿಸುತ್ತ ಕೂತಿದ್ದರು. ಏನು ಕಾಕಾ ಎಂದು ಕೇಳಿದೆ. "ಏನಿಲ್ಲಪಾ. ಎರಡೂ ಕಡೆ ಒಬ್ಬಾಂವನ ಕೈ ಇದ್ರ ಹಗ್ಗ ಜಗ್ಗೂದು ಹೆಂಗಂತ ವಿಚಾರ ಮಾಡಾಕತ್ತೇನಿ" ಎಂದರು. ನಾನು ನಕ್ಕೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಅವರಿಗೇ ಬುದ್ಧಿ ಹೇಳಿದೆ. ಅವರ ಹೆಗಲ ಮೇಲೆ ಅದೇ ಶಾಲು ಇತ್ತಲ್ಲ.

ಮಳೆಗಾಲ ಕಳೆದ ಮೇಲೆ ಸಾಹುಕಾರನ ಮ್ಯಾನೇಜರ್ ಮೈದಾನಕ್ಕೆ ಬಂದ. ಹುನಗುಂದದವರಿಗೆ ಒಬ್ಬ ಫಾರ್ವರ್ಡ್ ಕಡಿಮೆ ಬಿದ್ದಾನೆ, ನಿಮ್ಮ ಹುಡುಗನನ್ನು ಕೊಡಿ ಎಂದ. ಹುಡುಗ ಎಂದರೆ ನನ್ನ ತಮ್ಮ. ಮುಯ್ಯಿಗೆ ಯಾರೂ ಮುಖ್ಯ ಆಟಗಾರನನ್ನು ಕೇಳುವುದಿಲ್ಲ, ಕೊಡುವುದೂ ಇಲ್ಲ. ಒಂದು ಗಳಿಗೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆದರೆ ಕೇಳಿದವರು ಅನ್ನ ಕೊಡುವ ಧಣಿಯ ಕಡೆಯವರು. ಇರಲಿ, ದೊಡ್ಡ ಮುಯ್ಯಿ ಕೊಟ್ಟರೆ ದೊಡ್ಡ ಮುಯ್ಯಿ ಬರುತ್ತದೆ, ಅವರ ಸೆಂಟರ್ ಆಡುವವನನ್ನು ನಾವು ಕೇಳೋಣ ಎಂದು ಎಲ್ಲರೂ ಕೂಡಿ ಒಪ್ಪಿದೆವು. ತಮ್ಮ ಟೆಂಪೋ ಹತ್ತಿ ಹೋದ.

ಅಮಾವಾಸ್ಯೆ ಬಂತು, ಹೋಯಿತು. ತಮ್ಮ ಮರಳಿ ಬರಲಿಲ್ಲ. ಹುನಗುಂದದಲ್ಲಿ ಸಾಹುಕಾರನ ಕಲ್ಲಿನ ಸ್ಟಾಕ್‌ಯಾರ್ಡ್ ಇತ್ತು, ಅವನ ಕೆಲಸವನ್ನೂ ಅಲ್ಲಿಗೇ ಹಾಕಿದರು. ಇರಲಿಕ್ಕೆ ಖೋಲಿ ಕೊಟ್ಟರು. ನಾನು ಮತ್ತು ಕಾಕಾ ಕಾರ್ಖಾನೆಯ ಆಫೀಸಿಗೆ ಹೋಗಿ ಮ್ಯಾನೇಜರನ ಮುಂದೆ ನಿಂತೆವು. ನಮ್ಮ ಮುಯ್ಯಿ ಯಾವಾಗ ಬರುತ್ತದೆ ಎಂದು ಕಾಕಾ ಕೇಳಿದರು. ಮ್ಯಾನೇಜರನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ ಮಾತಾಡ್ತೀರಿ ಕಾಕಾ? ಸಾವ್ಕಾರ್ರು ಈ ಹಗೇವಿನಾಗಿನ ಜ್ವಾಳ ತಗದು ಆ ಹಗೇವಿಗೆ ಹಾಕ್ಯಾರ. ಅದಕ್ಕ ಮುಯ್ಯಿ ಅಂತಾರೇನು?"

ಕಾಕಾ ತಿರುಗಿ ನಡೆದರು. ಹೊರಗೆ ಬಂದು, ರಸ್ತೆ ದಾಟಿ, ಗಿಡದ ನೆರಳಿಗೆ ನಿಂತು ಕಣ್ಣಿಗೆ ಬಿದ್ದ ಕಲ್ಲಿನ ಧೂಳು ಒರೆಸಿಕೊಂಡರು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆ ನಾನು ಹೇಳಿದರೆ ಅವರಿಗೆ ನಗು ಬರಲಿಲ್ಲ. ನಾವು ಮಾಡಿದ ತಪ್ಪು ಅಲ್ಲಿ ನಿಂತಾಗಲೇ ನನಗೆ ಹೊಳೆದದ್ದು. ಮುಯ್ಯಿ ಎನ್ನುವುದು ಇಬ್ಬರ ನಡುವೆ ನಡೆಯುವಂಥದ್ದು. ಅಲ್ಲಿ ಇಬ್ಬರು ಉಳಿದಿರಲಿಲ್ಲ.

ತಮ್ಮ ಮಾತ್ರ ಬೇಸರಪಟ್ಟಿರಲಿಲ್ಲ. ರವಿವಾರ ಮನೆಗೆ ಬಂದವನು ಊಟಕ್ಕೆ ಕೂತು ತಲೆ ಎತ್ತದೆ ನಗುತ್ತಿದ್ದ. ಏನೋ ಎಂದೆ. "ಇನ್ನ ಮ್ಯಾಲ ನಿನ್ನ ಎದುರಿಗೆ ಆಡ್ತೇನಲ್ಲಣ್ಣಾ. ಮಂದಿ ಮುಂದ, ರೆಫ್ರಿ ಮುಂದ. ನೋಡ್ತಿರು" ಎಂದ. ಅವ್ವ ಅವನ ತಲೆಗೆ ಮೆತ್ತಗೆ ಮೊಟಕಿದಳು. ನನಗೂ ಒಳಗೊಳಗೆ ಹುರುಪು ಬಂತು. ಬಾ ಮಗನೇ, ಬಾ, ಅದ್ಹೆಂಗ ಹೊಡೀತಿ ನೋಡೇಬಿಡ್ತೇನಿ ಎಂದುಕೊಂಡೆ.

ಆಮೇಲೆ ಬಾದಾಮಿ. ಅಲ್ಲಿಯ ತಂಡವನ್ನೂ ಸಾಹುಕಾರ ತೆಗೆದುಕೊಂಡ ಮೇಲೆ ನಾವು ಅಲ್ಲಿಗೆ ಆಡಲು ಹೋದೆವು. ಕೆಂಪು ಗುಡ್ಡದ ಕೆಳಗೆ ಮೈದಾನ. ಮೊದಲೆಲ್ಲ ಅಲ್ಲಿಯ ಜನ ನಮ್ಮ ಏಳು ತಲೆಮಾರಿನವರನ್ನು ಬೈದು ಇಳಿಸುತ್ತಿದ್ದರು. ಆ ಬೈಗುಳ ಕೇಳಿಯೇ ನಮಗೆ ರಕ್ತ ಕಾವೇರುತ್ತಿತ್ತು. ಅವತ್ತು ಜನ ಬಂದಿದ್ದರು, ಕೂತಿದ್ದರು, ಶೇಂಗಾ ಒಡೆದು ತಿನ್ನುತ್ತಿದ್ದರು, ಆದರೆ ಯಾರೂ ಬೈಯಲಿಲ್ಲ. ನಾವು ಗೋಲು ಹೊಡೆದಾಗಲೂ ಶೇಂಗಾ ಸಿಪ್ಪೆಯ ಸದ್ದು ನನಗೆ ಗೋಲ್‌ಪೋಸ್ಟಿನವರೆಗೆ ಕೇಳುತ್ತಿತ್ತು. ನೀರು ಕುಡಿಯಲು ಹೊರಗೆ ಬಂದಾಗ ಮುದುಕನೊಬ್ಬ ಬಹಳ ಮರ್ಯಾದೆಯಿಂದ ನನ್ನನ್ನು ಕೇಳಿದ.

"ತಮ್ಮಾ, ಈ ಸಲ ನಿಮ್ಮ ಪಾಳಿನ?"

ಕಾಲುವೆ ನೀರಿಗೆ ಪಾಳಿ ಇರುತ್ತದೆ, ಕಾರ್ಖಾನೆಯಲ್ಲಿ ಪಾಳಿ ಇರುತ್ತದೆ. ಗೆಲ್ಲುವುದಕ್ಕೂ ಪಾಳಿ ಇದೆಯೆಂದು ಅವನು ನಂಬಿಬಿಟ್ಟಿದ್ದ. ನಾನು ಸಿಟ್ಟಿನಿಂದ, "ಏನ್ರಿ ಯಜಮಾನ್ರ, ಬೆವರ ಕಾಣೂದಿಲ್ಲೇನು?" ಎಂದು ಅಂಗಿ ಹಿಂಡಿ ತೋರಿಸಿದೆ. ಅವನು ಸಿಟ್ಟಾಗಲಿಲ್ಲ. ಪಾಪ, ಇವನಿಗೂ ಹೊಟ್ಟೆಪಾಡು ಎನ್ನುವ ಹಾಗೆ ನೋಡಿ, ಕೈಯಲ್ಲಿದ್ದ ಶೇಂಗಾದಲ್ಲಿ ನನಗೂ ಸ್ವಲ್ಪ ಕೊಟ್ಟ. ಆ ಶೇಂಗಾ ನನಗೆ ನುಂಗಲಾಗಲಿಲ್ಲ.

ಅಲ್ಲಿಂದ ಮುಂದೆ ಆ ಮಾತು ನಮ್ಮ ಬೆನ್ನು ಬಿಡಲಿಲ್ಲ. ಇಳಕಲ್ಲಿನ ಚಹಾದಂಗಡಿಯಲ್ಲಿ ಜಗಳ ನಿಂತುಹೋಯಿತು. ಆಫ್‌ಸೈಡು ಎಂದು ಮೇಜು ಗುದ್ದುತ್ತಿದ್ದವರು ಈಗ ಚಹಾ ಊದಿ ಕುಡಿಯುತ್ತ, "ಈ ಸಲ ಯಾರ ಪಾಳಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಳೆಯ ಮಾತಿಗೆ ಹೋಗುತ್ತಿದ್ದರು. ಸಾಹುಕಾರ ಯಾವತ್ತೂ ಯಾರಿಗೂ ಸೋಲು ಎಂದು ಹೇಳಿದವನಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಆಗುವುದಿಲ್ಲ ಎನ್ನಲಿಕ್ಕಾದರೂ ಬರುತ್ತಿತ್ತು.

ಹೊಸ ಶತಮಾನ ಬಂದ ಹೊಸತರಲ್ಲಿ ಬಾಗಲಕೋಟೆಯಲ್ಲಿ ದೊಡ್ಡ ಟೂರ್ನಮೆಂಟ್ ಆಯಿತು. ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಕೆಳಗಿನ ಓಣಿಗಳವರೆಗೆ ಬರುತ್ತದೆಂದು ಎಲ್ಲರಿಗೂ ಗೊತ್ತಾಗಿತ್ತು. ಮುಳುಗುವ ಮನೆಗಳ ಬಾಗಿಲುಗಳ ಮೇಲೆ ನಂಬರ್ ಬರೆದಿದ್ದರು. ಮೈದಾನಕ್ಕೆ ಹೋಗುವ ದಾರಿಯುದ್ದಕ್ಕೂ ಜನ ತಮ್ಮ ಮನೆಗಳ ಚೌಕಟ್ಟು, ತೊಲೆ, ಕಿಟಕಿ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದ ನವನಗರಕ್ಕೆ ಒಯ್ಯಲು ಟ್ರಾಕ್ಟರಿಗೆ ಹೇರುತ್ತಿದ್ದರು. ಬಾಗಿಲು ಕಿತ್ತ ಮನೆಯೊಂದರ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಏನೂ ಆಗಿಲ್ಲವೆಂಬಂತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಈ ಮೈದಾನದಲ್ಲಿ ಇದೇ ಕೊನೆಯ ಆಟ ಇರಬೇಕು ಎಂದು ನಮ್ಮ ಹುಡುಗರಲ್ಲಿ ಒಬ್ಬ ಅಂದ.

ಟೂರ್ನಮೆಂಟ್ ನಡೆಸುವ ಹಿರಿಯರು ಒಬ್ಬ ಧಣಿಗೆ ಒಂದೇ ತಂಡ ಎಂದು ಕಾಯ್ದೆ ಮಾಡಿದ್ದರು. ಅದಕ್ಕೆ ಸಾಹುಕಾರ ಹುನಗುಂದದ ತಂಡವನ್ನು ತನ್ನ ಹೆಂಡತಿಯ ತಮ್ಮನ ಹೆಸರಿಗೆ, ಬಾದಾಮಿಯದನ್ನು ತನ್ನ ತಾಯಿಯ ಹೆಸರಿಗೆ ಮಾಡಿದ್ದ. ಕಣ್ಣು ಕಾಣದ ಆ ಮುದುಕಿಗೆ ತಾನೊಂದು ಫುಟ್‌ಬಾಲ್ ತಂಡದ ಒಡತಿ ಎಂದು ಯಾರಾದರೂ ಹೇಳಿದ್ದರೋ ಇಲ್ಲವೋ. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಫೈನಲ್ಲಿಗೆ ಬಂದದ್ದು ನಾವು ಮತ್ತು ಹುನಗುಂದ.

ಆಟಕ್ಕೆ ಮುಂಚೆ ಸಾಹುಕಾರ ಎರಡೂ ತಂಡಗಳನ್ನು ಒಂದೇ ಪೆಂಡಾಲಿನಡಿ ಕೂರಿಸಿ ಬಾಳೆಹಣ್ಣು ಕೊಡಿಸಿದ. ನಗುನಗುತ್ತ ಮಾತಾಡಿದ. "ಇವತ್ತ ಸೋಲೂದು ನನ್ನ ಹಣ್ಯಾಗ ಇಲ್ಲ. ಯಾರ ಗೆದ್ರೂ ನಮ್ಮಾವರ. ಯಾರೂ ಯಾರಿಗೂ ಪೆಟ್ಟು ಮಾಡಬ್ಯಾಡ್ರಿ, ಆರಾಮ ಆಡ್ರಿ." ಎಷ್ಟು ಒಳ್ಳೆಯ ಮಾತು! ಸುತ್ತ ನೋಡಿದೆ. ನಮ್ಮ ಹುಡುಗರ ಹೆಗಲುಗಳು ಸಡಿಲಾಗಿದ್ದವು. ಹುನಗುಂದದವರೂ ಹಾಗೇ. ತಮ್ಮ ಒಬ್ಬನೇ ಬಾಳೆಹಣ್ಣು ಮುಟ್ಟದೆ ಬೂಟಿನ ದಾರ ಬಿಗಿಯುತ್ತಿದ್ದ.

ಮೈದಾನಕ್ಕೆ ಇಳಿಯುವಾಗ ಅವನು ನನ್ನ ಪಕ್ಕಕ್ಕೆ ಬಂದ.

"ಅಣ್ಣಾ, ಸಾವ್ಕಾರ್ರ ಮಾತ ಕಿವ್ಯಾಗ ಹಾಕ್ಕೋಬ್ಯಾಡ. ನನಗ ಬಿಡಬ್ಯಾಡ. ಅವ್ವನ ಆಣಿ ಐತಿ."

"ಹುಚ್ಚ ಖೋಡಿ, ನಿನಗ ಯಾವತ್ತರ ಬಿಟ್ಟೇನೇನು?" ಎಂದೆ. "ಅವ್ವನ ಆಣಿ, ಬಿಡೂದಿಲ್ಲ."

ಅವನು ತಲೆ ಆಡಿಸಿ ಓಡಿದ. ಅವನ ಅಷ್ಟೂ ಬದುಕು ಆ ಓಟದಲ್ಲಿತ್ತು ಎಂದು ನನಗೆ ಅನಿಸಿತು.

ಆಟ ಎಂಥದು ಆಟ! ಇಪ್ಪತ್ತು ಜನ ಮದುವೆ ಮನೆಯಲ್ಲಿ ಬೀಗರು ಬೀಗರಿಗೆ ದಾರಿ ಬಿಟ್ಟುಕೊಡುವ ಹಾಗೆ ಆಡುತ್ತಿದ್ದರು. ಕಾಲಿಗೆ ಕಾಲು ತಾಗಿದರೆ ಕೈ ಹಿಡಿದು ಎಬ್ಬಿಸುತ್ತಿದ್ದರು. ಜನ ನಗುತ್ತಿದ್ದರು. ನಿಜವಾಗಿ ಆಡುತ್ತಿದ್ದವರು ನಾವಿಬ್ಬರೇ ಅಣ್ಣತಮ್ಮ. ಅವನು ಎಡಗಾಲಿನಿಂದ ಹೊಡೆದದ್ದನ್ನೆಲ್ಲ ಹಿಡಿದೆ, ಗುದ್ದಿದೆ, ಮೈಮೇಲೆ ಹಾಕಿಕೊಂಡೆ. ಒಂದು ಸಲ ಹಿಡಿದಾಗ ಅವನು ಹಲ್ಲು ಕಚ್ಚಿ ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನನಗೆ ಅಷ್ಟು ಸುಖ ಯಾವ ಮ್ಯಾಚಿನಲ್ಲೂ ಆಗಿರಲಿಲ್ಲ.

ಎರಡನೆಯ ಅರ್ಧ ಮುಗಿಯುತ್ತ ಬಂದಿತ್ತು. ಉದ್ದನೆಯ ಚೆಂಡೊಂದು ನಮ್ಮವರ ತಲೆ ದಾಟಿ ಬಂತು, ಅವನು ಒಬ್ಬನೇ ಅದರ ಹಿಂದೆ ಬಂದ. ನಾನು ಗೋಲು ಬಿಟ್ಟು ಮುಂದಕ್ಕೆ ನುಗ್ಗಿದೆ. ಎಡಗಾಲು ಎತ್ತಿದ. ಅದಕ್ಕೆ ತಕ್ಕ ಹಾಗೆ ನಾನು ಮೈ ಎಸೆದೆ. ಆ ಗಳಿಗೆಯಲ್ಲಿ ಅವನು ಎಡಗಾಲನ್ನು ನೆಲಕ್ಕೆ ಊರಿ ಬಲಗಾಲಿನಿಂದ ಹೊಡೆದ. ಬಲಗಾಲು! ಆ ಸ್ಟಾಕ್‌ಯಾರ್ಡಿನಲ್ಲಿ ಕಲ್ಲಿನ ಹಲಗೆಗೆ ಹೊಡೆದು ಹೊಡೆದು ಅದನ್ನು ನನಗೋಸ್ಕರವೇ ಪಳಗಿಸಿದ್ದನಂತೆ, ಆಮೇಲೆ ಗೊತ್ತಾಯಿತು. ಗಾಳಿಯಲ್ಲೇ ಹೊರಳಿ ಕೈ ಚಾಚಿದೆ. ಚೆಂಡು ಬೆರಳ ತುದಿಗೆ ತಾಗಿತು, ಉಗುರು ಕಿತ್ತುಬಂತು, ಚೆಂಡು ಕಂಬದ ಒಳಬದಿಗೆ ಬಡಿದು ಒಳಗೆ ಹೋಯಿತು. ಅಂಥ ಗೋಲನ್ನು ಯಾವ ಕೀಪರನೂ ಹಿಡಿಯಲಾರ. ರೆಫ್ರಿ ಸೀಟಿ ಹೊಡೆದ.

ಮುಖ ಮಣ್ಣಲ್ಲಿ ಊರಿದ್ದ ನಾನು ತಲೆಯೆತ್ತಿ ಮೊದಲು ನೋಡಿದ್ದು ಅವನನ್ನು. ಎರಡೂ ಕೈ ಮೇಲೆತ್ತಿ ನಿಂತಿದ್ದ. ಅಳುತ್ತಿದ್ದ, ನಗುತ್ತಿದ್ದ. ಸೋತವನು ನಾನು, ಆದರೂ ನನಗೆ ಚಪ್ಪಾಳೆ ಹೊಡೆಯಬೇಕೆನಿಸಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಜನರೊಳಗಿಂದ ಯಾರೋ ಕೂಗಿದರು.

"ಬಿಟ್ಟಾ! ತಮ್ಮಗ ಬಿಟ್ಟಾ! ಪಾಳಿ ಮುಗೀತು, ನಡೀರಿ ಮನಿಗೆ!"

ಇಡೀ ಮೈದಾನ ಗೊಳ್ಳೆಂದು ನಕ್ಕಿತು. ಕೆಟ್ಟ ನಗುವಲ್ಲ, ಖುಷಿಯ ನಗು. ಎರಡೂ ತಂಡದವರೂ ನಕ್ಕರು. ತಮ್ಮನ ಕೈಗಳು ಕೆಳಗಿಳಿದವು. ಅವನು ಮೆಲ್ಲಗೆ ನನ್ನ ಕಡೆ ತಿರುಗಿ ನೋಡಿದ. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ನಾನು ರಕ್ತ ಸುರಿಯುವ ಬೆರಳು ಎತ್ತಿ ತೋರಿಸಿದೆ. ಅವನು ಬೆರಳು ನೋಡಲಿಲ್ಲ.

ಸಾಹುಕಾರ ಬಂದು ನನ್ನ ಬೆನ್ನು ತಟ್ಟಿದ. ಕಿವಿಯ ಹತ್ತಿರ ಬಗ್ಗಿ, "ಶಾಣ್ಯಾ ಅದಿ. ಹೋದ ಸಲ ಇಳಕಲ್ಲ ಗೆದ್ದಿತ್ತು, ಈ ಸಲ ಅವರ ಗೆದ್ದದ್ದು ಚಲೋ ಆತು" ಎಂದ. ಅವನೂ ಹಾಗೇ ತಿಳಿದಿದ್ದ! ತಂಡಗಳನ್ನೆಲ್ಲ ಕೊಂಡವನಿಗೂ ತನ್ನ ಆಟದಲ್ಲಿ ನಂಬಿಕೆ ಉಳಿದಿರಲಿಲ್ಲ. ಮರುದಿನ ನಮ್ಮ ಮನೆಗೆ ಅವ್ವನ ಹೆಸರಲ್ಲಿ ಒಂದು ಸೀರೆ ಬಂತು. ನೇಕಾರರ ಮನೆಗೆ ಸೀರೆ! ನಾನು ಅದನ್ನು ಹಿಂದಕ್ಕೆ ಕಳಿಸಿದೆ. ನಾಟಕ ಚೆನ್ನಾಗಿ ಮಾಡುತ್ತಾನೆ ಎಂದರು ಊರವರು.

ನಾನು ಬಿಡಲಿಲ್ಲ ಎಂದು ಕಂಡಕಂಡವರಿಗೆ ಹೇಳಿದೆ. ಎಷ್ಟು ಹೇಳಿದೆನೋ ಅಷ್ಟು ಅವರಿಗೆ ಖಾತ್ರಿಯಾಯಿತು. ಅವ್ವ ನನ್ನ ಬೆರಳಿಗೆ ಅರಿಶಿನ ಹಚ್ಚುತ್ತ, "ಬಿಟ್ಟರ ಬಿಟ್ಟೆಪಾ, ಯಾರಿಗೆ ಬಿಟ್ಟಿ? ನಿನ್ನ ತಮ್ಮಗಲ್ಲೇನು? ಚಲೋ ಮಾಡಿದಿ" ಎಂದಳು. ಅವಳ ಕಣ್ಣಲ್ಲಿ ನನ್ನ ಬಗ್ಗೆ ಹೆಮ್ಮೆ ಇತ್ತು. ನಾನು ಕೈ ಕಿತ್ತುಕೊಂಡು ಎದ್ದು ಹೋದೆ. ಕೊನೆಗೆ ಕಾಕಾರ ಸೈಕಲ್ ಅಂಗಡಿಗೆ ಹೋದೆ. ನೀವಾದರೂ ಹೇಳಿ, ನೀವು ಆಟ ಬಲ್ಲವರು, ಅವತ್ತು ನನ್ನ ಗೋಲಿನ ಹತ್ತಿರವೇ ನಿಂತಿದ್ದಿರಿ ಎಂದೆ. ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. "ನಾ ನೋಡೇನಿ ಖರೆ. ಆದರ ಏನ ನೋಡೇನಿ ಅಂತ ನನಗ ಹೇಳಾಕ ಬರವಲ್ದು. ಈಗ ಯಾರ ಬಿದ್ರೂ ತಾವಾಗೇ ಬಿದ್ದಂಗ ಕಾಣ್ತೈತಿ" ಎಂದರು. ಅವರು ಸುಳ್ಳು ಹೇಳುವವರಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಮುಂದಿನ ಅಮಾವಾಸ್ಯೆಗೆ ತಮ್ಮ ಮನೆಗೆ ಬಂದ. ಉಣ್ಣಲಿಲ್ಲ. ಚೆಂಡು ಎತ್ತಿಕೊಂಡು, "ನಡಿ" ಎಂದ. ಮೈದಾನದಲ್ಲಿ ಯಾರೂ ಇರಲಿಲ್ಲ, ಮಟಮಟ ಮಧ್ಯಾಹ್ನ. ನನ್ನನ್ನು ಗೋಲಿನಿಂದ ಮುಂದಕ್ಕೆ, ಅವತ್ತು ನಿಂತಿದ್ದ ಜಾಗಕ್ಕೇ ನಿಲ್ಲಿಸಿದ.

"ಅದ ಹೊಡತ ಮತ್ತ ಹೊಡಿತೇನಿ. ನೀ ಖರೇನ ಹಿಡಿ."

ಅವನು ಓಡಿ ಬರುವಷ್ಟರಲ್ಲಿ ನನಗೆ ಎರಡೂ ದಾರಿ ಕಂಡಿತು. ಹಿಡಿದರೆ, ಅವತ್ತು ಹಿಡಿಯಬಹುದಿತ್ತು ಎಂದಾಗುತ್ತದೆ. ಬಿಟ್ಟರೆ, ಮತ್ತೆ ಬಿಟ್ಟ ಎಂದಾಗುತ್ತದೆ. ಎಡಗಾಲು ಎತ್ತಿದ, ಊರಿದ, ಬಲಗಾಲು ಬೀಸಿದ. ನನ್ನ ಕಣ್ಣಿಗೆ ಈಗ ಆ ಬಲಗಾಲು ಗೊತ್ತಿತ್ತು. ಬುದ್ಧಿ ಏನು ಮಾಡಲಿ ಎನ್ನುವುದರೊಳಗೆ ಮೈ ತಾನೇ ಹಾರಿತ್ತು. ಚೆಂಡು ನನ್ನ ಎದೆಯ ಮೇಲಿತ್ತು.

ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ. "ಇದನ್ನ ಹಿಡದಿ."

"ಅವತ್ತ ನೀ ಬಲಗಾಲಿಲೆ ಹೊಡೀತಿ ಅಂತ ನನಗ ಗೊತ್ತಿರಲಿಲ್ಲೋ! ಇವತ್ತ ಗೊತ್ತೈತಿ. ಅಷ್ಟ. ಅವ್ವನ ಆಣಿ ಹಾಕೇನಿ ನಾ."

"ಹೂಂ" ಎಂದ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ, "ಇರ್ಲಿ ಬಿಡಣ್ಣಾ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಆ ಮೇಲೆ ಅವನು ಚೆಂಡು ಮುಟ್ಟಲಿಲ್ಲ. ಸಾಹುಕಾರ ಎಷ್ಟು ಕರೆಸಿದರೂ ಹೋಗಲಿಲ್ಲ.

ತಂಡಗಳು ಇನ್ನೂ ಒಂದೆರಡು ವರ್ಷ ಉಸಿರಾಡಿದವು. ನೋಡುವವರು ಇರಲಿಲ್ಲ. ಬಾಗಲಕೋಟೆಯ ಆ ಓಣಿಗಳಿಗೆ ನೀರು ಬಂತು. ಸಾಹುಕಾರನಿಗೆ ಬೇಸರ ಬಂತೋ, ಬೇರೆ ಶೋಕಿ ಸಿಕ್ಕಿತೋ, ಒಂದು ದಿನ ಟೆಂಪೋ ಬರುವುದು ನಿಂತಿತು. ಯಾರೂ ಯಾಕೆ ಎಂದು ಕೇಳಲಿಲ್ಲ. ನಮ್ಮ ಹುಡುಗರು ಜರ್ಸಿಗಳನ್ನು ಹೊಲದ ಕೆಲಸಕ್ಕೆ ಹಾಕಿಕೊಂಡು ಹರಿದರು.

ಅದಾಗಿ ಎಷ್ಟೋ ವರ್ಷದ ಮೇಲೆ ಹುನಗುಂದದಲ್ಲಿ ತಮ್ಮನ ಮನೆಗೆ ಹೋಗಿದ್ದೆ. ಈಗ ಅವನಿಗೆ ಅಲ್ಲೇ ಟೈಲ್ಸ್ ಕೂರಿಸುವ ಕೆಲಸ, ಹೆಂಡತಿ, ಒಬ್ಬಳು ಮಗಳು. ಊಟ ಮಾಡಿ ಪಡಸಾಲೆಯಲ್ಲಿ ಕೂತಿದ್ದೆವು. ಹುಡುಗಿ ಪ್ಲಾಸ್ಟಿಕ್ ಚೆಂಡನ್ನು ಗೋಡೆಗೆ ಒದೆಯುತ್ತಿದ್ದಳು. ಅವನು ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ಎಂದೂ ಆಡದ ಮಾತನ್ನು ಆಡಿದ. "ನಿಮ್ಮ ದೊಡ್ಡಪ್ಪ ಎಂಥಾ ಕೀಪರ್ ಇದ್ದ ಗೊತ್ತೈತೇನು? ಅಂವಗ ಯಾರೂ ಗೋಲ್ ಹೊಡ್ಯಾಕ ಆಗ್ತಿದ್ದಿಲ್ಲ. ನನಗ ಒಂದ ಗೋಲ್ ಹೊಡೀಬೇಕಂತ ಆಶಾ ಇತ್ತು. ಅಷ್ಟ ಮಂದಿ ಮುಂದ, ಮರ್ಯಾದಿ ಹೋದ್ರೂ ಅಡ್ಡಿಯಿಲ್ಲಂತ ನನಗೋಸ್ಕರ ಒಂದ ಬಿಟ್ಟಕೊಟ್ಟ." ಅವನ ಕಣ್ಣು ತುಂಬಿತ್ತು. ಇಷ್ಟು ವರ್ಷ ಅದನ್ನು ಕಹಿಯಾಗಿ ಅಗಿದು ಅಗಿದು, ಕೊನೆಗೆ ಪ್ರೀತಿ ಮಾಡಿ ನುಂಗಿದ್ದ.

ಹುಡುಗಿ ನನ್ನ ಮುಖ ನೋಡಿ, "ಹೌದೇನ್ರಿ ದೊಡ್ಡಪ್ಪ?" ಎಂದಳು.

"ಇಲ್ಲವಾ. ನಾ ಬಿಟ್ಟಿಲ್ಲ" ಎಂದೆ. "ನಿಮ್ಮಪ್ಪ ಹೊಡದಾನ. ಖರೇನ ಹೊಡದಾನ."

ತಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು ಮಗಳ ಕಡೆ ನೋಡಿ ನಕ್ಕ.

"ನೋಡವಾ, ಈಗೂ ಹಂಗ ಅಂತಾನ."